ತಳವಿಲ್ಲದ ಟಾಕಿಗಳ ನಾಮದೇವ ಗೌಂಡಿ

ಮೈಂದರ್ಗಿಯ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಂಡು ಬೀಗುವ ಸಂಗತಿಗಳಲ್ಲಿ ಪಾಯಖಾನೆಯ ಟಾಕಿಯೂ ಒಂದು. ಟಾಕಿ ಎಂದರೆ ಹಿತ್ತಲಲ್ಲಿ ನೆಲದೊಳಗೆ ಕಟ್ಟಿ ಮೇಲೆ ಮುಚ್ಚಳ ಹಾಕಿದ ಹೊಂಡ. ಮನೆಯ ಹೊಲಸೆಲ್ಲ ಹೋಗಿ ಬೀಳುವುದು ಅದರಲ್ಲೇ. ಟಾಕಿ ಕಟ್ಟಿಸಿ ಹದಿನೆಂಟು ವರ್ಷವಾಯಿತು, ಒಮ್ಮೆಯೂ ತುಂಬಿಲ್ಲ ಎಂದು ಸುಗಲಾಬಾಯಿ ಹೇಳಿದರೆ, ಎದುರುಮನೆಯ ಕಸ್ತೂರಬಾಯಿ ತಮ್ಮದು ಇಪ್ಪತ್ತಾಯಿತು ಎನ್ನುವರು. ತುಂಬುವ ಟಾಕಿಯ ಮನೆಗೆ ಹೊಲಸು ಎಳೆಯುವ ಗಾಡಿ ಬರಬೇಕು, ಓಣಿಯೆಲ್ಲ ಮೂಗು ಮುಚ್ಚಿಕೊಳ್ಳಬೇಕು. ತುಂಬದ ಟಾಕಿಯ ಮನೆಗೆ ಆ ನಾಚಿಕೆಯೇ ಇಲ್ಲ. ಈ ಮರ್ಯಾದೆಯೆಲ್ಲ ಕೊನೆಗೆ ಹೋಗಿ ಸೇರುತ್ತಿದ್ದುದು ಒಬ್ಬರ ಹೆಸರಿಗೆ. ಅವರೇ ಈ ಟಾಕಿಗಳನ್ನು ಕಟ್ಟಿದ ನಾಮದೇವ ಗೌಂಡಿ.

ನಾಮದೇವ ಹೋಟಗಿಯ ಕಡೆಯವರು. ತಂದೆ ರೈಲು ಹಳಿಯ ಗ್ಯಾಂಗಿನಲ್ಲಿ ದುಡಿದವರು. ಮಗ ಹದಿನಾರಕ್ಕೇ ಸೊಲ್ಲಾಪುರಕ್ಕೆ ಹೋಗಿ, ಪವರ್‌ಲೂಮ್ ಶೆಡ್ಡುಗಳನ್ನು ಕಟ್ಟುವಲ್ಲಿ ಗಾರೆಯ ಬುಟ್ಟಿ ಹೊತ್ತು, ಮುದುಕ ಗೌಂಡಿಯೊಬ್ಬರ ಕೈಕೆಳಗೆ ಗಾರೆ ಬಳಿಯುವ ಥಾಪಿ ಹಿಡಿಯಲು ಕಲಿತರು. ಆಮೇಲೆ ಮೈಂದರ್ಗಿಯ ಹಿರಾಬಾಯಿಯನ್ನು ಮದುವೆಯಾಗಿ ಇಲ್ಲಿಯೇ ನಿಂತರು. ಮನೆಮನೆಗೆ ಪಾಯಖಾನೆ ಕಟ್ಟಿಸುವ ಹುರುಪು ಊರಿಗೆ ಬಂದದ್ದೂ ಅದೇ ಕಾಲಕ್ಕೆ. ಕತ್ತಲಾಗುವ ತನಕ ಕಾದು ಬಯಲಿಗೆ ಹೋಗುತ್ತಿದ್ದ ಹೆಂಗಸರಿಗೆ ಅದು ಸಣ್ಣ ಸುಖವಲ್ಲ. ಬಸುರಿ ಹೆಂಗಸರಿದ್ದ ಮನೆಗೆ ನಾಮದೇವ ಮೊದಲು ಹೋಗುತ್ತಿದ್ದರು, ದೊಡ್ಡ ಮನೆಯವರು ಕಾಯಲಿ ಎನ್ನುತ್ತಿದ್ದರು. ಅದನ್ನು ನೆನೆದು ಇವತ್ತಿಗೂ ಅವರಿಗೆ ಚಹಾ ಕೊಡದೆ ಕಳಿಸದ ಮನೆಗಳಿವೆ.

ಅವರದೊಂದು ರೂಢಿ ಇತ್ತು. ಕೆಲಸ ಮುಗಿದ ಮೇಲೆ ಮುಚ್ಚಳದ ಹಸಿ ಸಿಮೆಂಟಿನ ಮೂಲೆಯಲ್ಲಿ ಬಲಗೈಯ ನಾಲ್ಕು ಬೆರಳು ಒತ್ತುವರು. ಯಾಕೆಂದು ಕೇಳಿದರೆ, ಕಾಗದದ ಮೇಲಿನ ಸಹಿ ಹರಿಯುತ್ತದೆ, ಇದು ಹರಿಯುವುದಿಲ್ಲ ಎಂದು ನಗುವರು.

ಸುಗಲಾಬಾಯಿಯ ಸೊಸೆ ಪ್ರಣಿತಾ ಸೊಲ್ಲಾಪುರದ ಟಾವೆಲ್ ವ್ಯಾಪಾರದ ಮನೆಯ ಮಗಳು. ಗಂಡ ಸೋಮೇಶನಿಗೆ ಹೋಟಗಿಯಲ್ಲಿ ರೈಲ್ವೆ ಕೆಲಸ. ಬೆಳಿಗ್ಗೆ ಹೋದರೆ ಬರುವುದು ಸಂಜೆಗೇ. ಹತ್ತು ತಿಂಗಳ ಮಗಳು ಸೋನುವನ್ನು ಅತ್ತೆಯ ಮಡಿಲಿಗೆ ಹಾಕಿ, ಪ್ರಣಿತಾ ಆ ವರ್ಷ ಬೇಸಿಗೆಯ ಮೊದಲಿಗೆ ನಗರಪರಿಷತ್ತಿನ ಗುತ್ತಿಗೆ ಕೆಲಸಕ್ಕೆ ಸೇರಿದ್ದಳು. ಮನೆಮನೆಗೆ ಹೋಗಿ ಟಾಕಿಗಳನ್ನು ಬರೆದುಕೊಳ್ಳುವ ಕೆಲಸ ಅದು. ಹೊಸ ನಿಯಮ ಬಂದಿತ್ತು. ಪ್ರತಿ ಟಾಕಿಯ ನೋಂದಣಿ ಆಗಬೇಕು, ಮೂರು ವರ್ಷಕ್ಕೊಮ್ಮೆ ಗಾಡಿ ಕರೆಸಿ ಖಾಲಿ ಮಾಡಿಸಬೇಕು, ಬಾವಿಯಿಂದಲೂ ಬೋರಿನಿಂದಲೂ ದೂರವಿರಬೇಕು. ಹೊಸದಾಗಿ ಕಟ್ಟಿದ ಟಾಕಿಗೆ ನೀರು ತುಂಬಿಸಿ, ಒಂದು ದಿನ ಬಿಟ್ಟು, ನೀರು ಇಳಿದಿಲ್ಲವೆಂದು ಕಂಡ ಮೇಲೆಯೇ ದಾಖಲೆ.

ಪ್ರಣಿತಾ ಮೊದಲ ವಾರದಲ್ಲೇ ತಪ್ಪು ಮಾಡಿದಳು. ಕೊನೆಯ ಸಲ ಖಾಲಿ ಮಾಡಿಸಿದ್ದು ಯಾವಾಗ ಎಂಬ ಪ್ರಶ್ನೆಗೆ ಎಲ್ಲರೂ ಹೆಮ್ಮೆಯಿಂದ, ತುಂಬಿಯೇ ಇಲ್ಲ ಎನ್ನುತ್ತಿದ್ದರು. ಅವಳೂ ಅಷ್ಟೇ ಹೆಮ್ಮೆಯಿಂದ ಆ ಫಾರ್ಮುಗಳ ಕೆಳಗೆ ‘ಉತ್ತಮ’ ಎಂದು ಬರೆಯುತ್ತ ಹೋದಳು. ತನ್ನ ಮನೆಯ ಫಾರ್ಮಿಗೆ ಅದರ ಕೆಳಗೊಂದು ಗೆರೆಯನ್ನೂ ಎಳೆದಳು.

ಆಗಲೇ ಸೋನುವಿಗೆ ಭೇದಿ ಹಿಡಿಯಿತು. ಎರಡು ದಿನದಲ್ಲಿ ಮಗುವಿನ ಕಣ್ಣು ಒಳಕ್ಕೆ ಹೋದವು. ಅಕ್ಕಲಕೋಟದ ಡಾಕ್ಟರರು ಸಲಾಯಿನ್ ಹಚ್ಚಿ ಮಗುವನ್ನು ಉಳಿಸಿಕೊಟ್ಟರು. ಬಿಡುವಾಗ ಕೇಳಿದ್ದು ಒಂದೇ ಮಾತು, ಮನೆಯಲ್ಲಿ ಯಾವ ನೀರು ಎಂದು. ಓಣಿಯ ಬೋರಿನ ನೀರು. ನಳ ಬರುವುದು ಐದು ದಿನಕ್ಕೊಮ್ಮೆ, ಉಳಿದಂತೆ ಇಪ್ಪತ್ತೆರಡು ಮನೆಗೂ ಆ ಬೋರೇ ಗತಿ. ಓಣಿಯಲ್ಲಿ ಇನ್ನೂ ಮೂರು ಮಕ್ಕಳಿಗೆ ಹಾಗೇ ಆಗಿತ್ತು ಎಂಬುದು ಪ್ರಣಿತಾಳಿಗೆ ಊರಿಗೆ ಮರಳಿದ ಮೇಲೆ ತಿಳಿಯಿತು.

ಅವಳು ವಿಷಯ ಮುಟ್ಟಿಸಿದಾಗ ನಗರಪರಿಷತ್ತಿನ ಕಚೇರಿಯ ಸಾಹೇಬರು ತಡಮಾಡಲಿಲ್ಲ. ಬೋರಿನ ನೀರನ್ನು ಶುದ್ಧ ಬಾಟಲಿಯಲ್ಲಿ ಹಿಡಿದು, ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿಟ್ಟು, ಅದೇ ದಿನ ಸೊಲ್ಲಾಪುರದ ಪ್ರಯೋಗಶಾಲೆಗೆ ಮುಟ್ಟಿಸಬೇಕಿತ್ತು. ತವರಿನ ಊರು, ತಾನೇ ಒಯ್ಯುತ್ತೇನೆಂದು ಪ್ರಣಿತಾ ಹೊರಟಳು. ಅಕ್ಕಲಕೋಟದಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ್ ಡಬ್ಬಿ ನೋಡಿ ಕುಲ್ಫಿ ಇದೆಯೇ ಎಂದು ಕೇಳಿದ. ವಿಷಯ ಹೇಳಿದ ಮೇಲೆ ಬಿಸಿಲು ಬೀಳದ ಬದಿಯಲ್ಲಿ ಸೀಟು ಬಿಡಿಸಿಕೊಟ್ಟು, ದಾರಿಯುದ್ದಕ್ಕೂ ಅವಳಿಗಿಂತ ಹೆಚ್ಚಾಗಿ ಡಬ್ಬಿಯ ಯೋಗಕ್ಷೇಮ ನೋಡಿಕೊಂಡ. ಅವನ ಹೆಸರು ಕೇಳಿಕೊಳ್ಳಲಿಲ್ಲವೆಂದು ಅವಳಿಗೆ ಇಂದಿಗೂ ಕೊರಗು.

ವರದಿ ಬಂತು. ನೀರಿನಲ್ಲಿ ಮಲದ ರೋಗಾಣು. ಬೋರಿನ ಮೈಗೆ ಕೆಂಪು ಬಣ್ಣ ಬಳಿದು, ಕುಡಿಯಬಾರದೆಂದು ಬರೆದರು. ಸಾಹೇಬರು ಓಣಿಯವರನ್ನು ಕೂರಿಸಿ ಬಿಡಿಸಿ ಹೇಳಿದರು: ಯಾವ ಟಾಕಿಗಳ ಹೊಲಸು ಬೋರಿಗೆ ಇಳಿಯುತ್ತಿದೆ ಎಂದು ಕಂಡುಹಿಡಿದು, ಮಳೆ ಹಿಡಿಯುವುದರೊಳಗೆ ಅವನ್ನು ಸರಿಪಡಿಸಬೇಕು. ಇಲ್ಲದಿದ್ದರೆ ಬೋರನ್ನು ಕಾಯಂ ಆಗಿ ಮುಚ್ಚದೆ ಬೇರೆ ದಾರಿಯಿಲ್ಲ. ಓಣಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರ ಟಾಕಿಯೂ ಉತ್ತಮವಲ್ಲವೇ? ಕಾಗದದಲ್ಲೇ ಹಾಗೆ ಬರೆದಿದೆಯಲ್ಲ?

ಅಂದಿನಿಂದ ಪ್ರಣಿತಾ ಬಸ್‌ಸ್ಟ್ಯಾಂಡಿನ ಬಳಿಯ ಬೋರಿನಿಂದ ಕೊಡ ಹೊತ್ತು ತರತೊಡಗಿದಳು. ಒಂದು ಮಧ್ಯಾಹ್ನ ಸೋನು ಸೀರೆಯ ಜೋಲಿಯಲ್ಲಿ ಮಲಗಿದ್ದಾಗ ನೆಲದ ಮೇಲೆ ಫಾರ್ಮುಗಳನ್ನು ಹರವಿಕೊಂಡು ಕೂತಳು. ಊರಿನ ಆ ಭಾಗದಲ್ಲಿ ನಾಲ್ಕು ಬೆರಳಿನ ಗುರುತಿದ್ದ ಟಾಕಿಗಳು ನಲವತ್ತೊಂದು. ನಲವತ್ತು ತುಂಬಿಯೇ ಇರಲಿಲ್ಲ. ಒಂದು ಮಾತ್ರ ಮೂರು ವರ್ಷಕ್ಕೊಮ್ಮೆ ತಪ್ಪದೆ ತುಂಬಿತ್ತು, ತಪ್ಪದೆ ಖಾಲಿಯಾಗಿತ್ತು. ಅದು ನಾಮದೇವರ ಸ್ವಂತ ಮನೆಯದು.

ಅದೊಂದು ಊರಿನ ಹಳೆಯ ಚೇಷ್ಟೆ. ಗೌಂಡಿಯ ಮನೆಯ ಟಾಕಿ ಮಾತ್ರ ತುಂಬುತ್ತದೆ ಎಂದು ಜನ ಹಿರಾಬಾಯಿಯನ್ನು ಕಾಡುವುದು, ಆಕೆ ನಕ್ಕು ಸುಮ್ಮನಾಗುವುದು. ನೆನೆದು ಪ್ರಣಿತಾಳಿಗೂ ಮೊದಲು ನಗು ಬಂತು. ಆಮೇಲೆ ಕೈ ನಿಂತಿತು. ಒಂದಿಡೀ ಮನೆ ಹದಿನೆಂಟು ವರ್ಷ ಹಾಕಿದ ಹೊಲಸು ಟಾಕಿಯಲ್ಲಿ ಇಲ್ಲವೆಂದರೆ ಎಲ್ಲಿದೆ? ದಿನಕ್ಕೆ ಹತ್ತು ಸಲ ಮಗುವಿನ ಬಟ್ಟೆ ತೊಳೆಯುವ ತಾಯಿಗೆ ಈ ವಿಷಯ ಹೊಳೆಯಲು ಹೆಚ್ಚು ಹೊತ್ತು ಬೇಕಿಲ್ಲ. ತುಂಬದ ಟಾಕಿಗೆ ತಳವಿಲ್ಲ. ಕೆಳಗೆ ಒಂದಾಳು ಮಣ್ಣು, ಅದರಡಿ ಗರಸಿನಂಥ ಮುರುಮು, ಅದರಡಿ ಬಿರುಕು ಬಿಟ್ಟ ಕಲ್ಲು, ಆ ಬಿರುಕಿನಲ್ಲೇ ಬೋರಿನ ಸೆಲೆ. ‘ಉತ್ತಮ’ ಎಂದು ಬರೆದ ತನ್ನದೇ ಅಕ್ಷರದ ಫಾರ್ಮುಗಳನ್ನು ಅವಳು ಒಂದೊಂದಾಗಿ ಬೇರೆ ತೆಗೆದಿಟ್ಟಳು.

ನಾಮದೇವ ಆಗ ಕಿರಾಣಿ ವ್ಯಾಪಾರಿ ರಾಚಪ್ಪನವರ ಹೊಸ ಕಟ್ಟಡದ ಪಾಯದಲ್ಲಿದ್ದರು. ಕೆಳಗೆ ಅಂಗಡಿ, ಮೇಲೆ ಎರಡು ಅಂತಸ್ತು. ಐವತ್ತೆಂಟರ ಗೌಂಡಿಗೆ ಎರಡು ವರ್ಷದ ಕೂಳು. ಪ್ರಣಿತಾ ಮಗುವನ್ನು ಸೊಂಟಕ್ಕೆತ್ತಿಕೊಂಡೇ ಹೋದಳು. ರಾಚಪ್ಪನವರು ದೂರದಲ್ಲಿ ಕಂಬಿ ಎಣಿಸುತ್ತಿದ್ದರು.

"ಕಾಕಾ, ನಿಮ್ಮ ಮನಿ ಟಾಕಿಗೆ ತಳಾ ಹಾಕೀರೇನ್ರಿ?"

"ಹಾಕೇನಿ."

"ನಮ್ಮನಿದಕ್ಕ?"

ನಾಮದೇವ ಥಾಪಿಯನ್ನು ಗೋಣಿತಟ್ಟಿಗೆ ಒರೆಸಿದರು, ಮತ್ತೊಮ್ಮೆ ಒರೆಸಿದರು. ಮರೆತಿದೆ, ಬಹಳ ವರ್ಷವಾಯಿತು ಎಂದರು. ಕಟ್ಟಿದ ಪ್ರತಿ ಗೋಡೆಯ ಇಟ್ಟಿಗೆ ಎಲ್ಲಿಂದ ಬಂದಿತ್ತೆಂದು ಹೇಳಬಲ್ಲ ಮನುಷ್ಯ ಅವರು. ಪ್ರಣಿತಾ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು, ಅಲ್ಲಿಂದ ಕದಲಲಿಲ್ಲ. ಅವರು ರಾಚಪ್ಪನವರತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಇದನ್ನ ಬಾಯಿಬಿಟ್ಟು ಹೇಳಿದ್ನೆಂದ್ರ ನಾಳಿಗಿ ನನ್ನ ಕೈಯಾಗ ಯಾರೂ ಕೆಲಸ ಕೊಡಾಂಗಿಲ್ಲ ತಂಗಿ. ಈ ರಾಚಪ್ಪ ಸಾವಕಾರ್ರೂ ತಳಾ ಬ್ಯಾಡಂತ ಹೇಳ್ಯಾರ. ನಾಮದೇವನ ಟಾಕಿ ತುಂಬಾಂಗಿಲ್ಲ ಅಂತನ ನನ್ನ ಕರದಾರ. ಬ್ಯಾರೆ ಏನೈತಿ ನನ್ನ ಹತ್ರ, ಈ ಹೆಸರ ಬಿಟ್ರ?"

"ನಿಮ್ಮ ಹೆಸರ ನಾ ಎಲ್ಲೂ ಬರಿಯಾಂಗಿಲ್ರಿ. ಯಾವ ಟಾಕಿ ಅಂತ ತೋರಿಸ್ರಿ, ಸಾಕು. ಮಳಿ ಬರೂದ್ರಾಗ ಬೋರ ಉಳೀಬೇಕು."

ಅವರು ಸೋನುವಿನ ತೆಳ್ಳಗಾದ ಕಾಲನ್ನು ಒಮ್ಮೆ ನೋಡಿ ಪಾಯಕ್ಕೆ ಇಳಿದರು. ಪ್ರಣಿತಾಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಾನೂ ‘ಉತ್ತಮ’ ಎಂದು ಬರೆದವಳೇ. ಆ ನಲವತ್ತು ಫಾರ್ಮುಗಳನ್ನು ತಿದ್ದಲು ಕಚೇರಿಗೆ ಹೋಗಿ, ತಪ್ಪಾಯಿತೆಂದು ಸಾಹೇಬರಿಗೆ ಹೇಳುವುದು ಅವಳಿಗೂ ಸುಲಭವಾಗಲಿಲ್ಲ. ಸಾಹೇಬರು ಬೈಯಲಿಲ್ಲ. ಹೊಸ ಫಾರ್ಮುಗಳ ಕಟ್ಟನ್ನು ಮುಂದೆ ತಳ್ಳಿ, ಬರಿ ಎಂದರು.

ಮೂರನೆಯ ದಿನ ಬೆಳಿಗ್ಗೆ ಹೆಂಗಸರು ಅಂಗಳ ಸಾರಿಸುವ ಹೊತ್ತಿಗೆ ನಾಮದೇವ ಹೆಗಲಿಗೆ ಹಾರೆ ಹೊತ್ತು ಓಣಿಗೆ ಬಂದರು. ನೇರವಾಗಿ ಸುಗಲಾಬಾಯಿಯ ಬಾಗಿಲಿಗೇ ಬಂದರು.

"ಏನೋ ನಾಮದೇವ, ಟಾಕಿ ತುಂಬೇತೇನಂತ ನೋಡಾಕ ಬಂದೀಯೇನು?" ಎಂದು ಸುಗಲಾಬಾಯಿ ನಕ್ಕರು.

"ಅದು ತುಂಬಾಂಗಿಲ್ರಿ ಬಾಯಾರ. ಅದಕ್ಕ ನಾ ತಳಾ ಹಾಕಿಲ್ಲ," ಎಂದರು ನಾಮದೇವ. "ಈ ಓಣ್ಯಾಗ ಯಾವುದಕ್ಕೂ ಹಾಕಿಲ್ಲ. ನಿಮ್ಮ ಬೋರ ಕೆಡಿಸಿದಾಂವ ನಾನ."

ಓಣಿಯಲ್ಲಿ ಅಂಥ ಮಾತು ಬಾಗಿಲು ದಾಟಲು ಎಷ್ಟು ಹೊತ್ತು ಬೇಕು? ಕಸಬರಿಗೆ ಹಿಡಿದವರು ಹಿಡಿದಂತೆಯೇ ಬಂದು ನಿಂತರು. ಮಗುವನ್ನು ಆಸ್ಪತ್ರೆಗೆ ಒಯ್ದು ಬಂದಿದ್ದ ತಾಯಿಯೊಬ್ಬಳ ಬಾಯಿಂದ ಬರಬಾರದ ಮಾತು ಬಂದವು. ಯಾರೋ ಹಿಂದಿನಿಂದ, ತನ್ನ ಮನೆಗೆ ತಳ, ನಮ್ಮ ಮನೆಗೆ ತೂತು, ಭಲೆ ಗೌಂಡಿ ಎಂದರು. ನಾಮದೇವ ಹಾರೆಯನ್ನು ನೆಲಕ್ಕೆ ಊರಿ, ತಲೆ ತಗ್ಗಿಸಿ, ಎಲ್ಲವನ್ನೂ ಕೇಳಿಸಿಕೊಂಡರು. ಪ್ರಣಿತಾ ಒಳಗೆ ಬರುವಂತೆ ಕರೆದಳು, ಅವರು ಬರಲಿಲ್ಲ.

ಆಗ ಸುಗಲಾಬಾಯಿ ಮೆಟ್ಟಿಲಿಳಿದು ಬಂದರು. ಸೊಸೆಯಾಗಿ ಬಂದ ನಾಲ್ಕು ವರ್ಷದಲ್ಲಿ ಪ್ರಣಿತಾ, ಅತ್ತೆ ತಮ್ಮ ತಪ್ಪು ಒಪ್ಪಿಕೊಂಡದ್ದನ್ನು ನೋಡಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಅದು ಉಪ್ಪಿನದೇ ತಪ್ಪು.

"ಅವಗ ಯಾಕ ಬೈತೀರಿ? ತಳಾ ಹಾಕ್ತೀನ್ರಿ ಬಾಯಾರ ಅಂತ ಎರಡು ಸಲ ಅಂದಾನ ಆಂವ, ಇಲ್ಲೇ ನಿಂತು. ಬ್ಯಾಡ, ತಳಾ ಹಾಕಿದ್ರ ತುಂಬತೈತಿ, ಗಾಡಿ ಬರತೈತಿ, ಮಂದ್ಯಾಗ ನಾಚಿಕಿ, ಹಂಗ ಬಿಡು ಅಂದಾಕಿ ನಾನು. ನಿಮ್ಮ ನಿಮ್ಮ ಮನ್ಯಾಗ ಯಾರು ಹೇಳಿದ್ರು, ನೀವ ನೆನಸ್ಕೋರಿ."

ಎಲ್ಲರಿಗೂ ನೆನಪಾಗತೊಡಗಿದ್ದು ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ ಕಸ್ತೂರಬಾಯಿ, ತಮ್ಮ ಮನೆಯಲ್ಲಿ ಹೇಳಿದ್ದು ಯಜಮಾನರು, ಈಗ ನೋಡಿ ಒಳಗೆ ಪೇಪರ್ ಓದುತ್ತಿದ್ದಾರೆ, ಅದೂ ತಲೆಕೆಳಗು ಹಿಡಿದು ಎಂದರು. ಒಬ್ಬಿಬ್ಬರು ನಕ್ಕರು. ಬೈದಿದ್ದ ತಾಯಿ ನಗಲಿಲ್ಲ. ಆದರೆ ಒಳಗೆ ಹೋಗಿ ನಾಮದೇವರಿಗೆ ಕೂರಲು ಒಂದು ಮಣೆ ತಂದಿಟ್ಟಳು.

ಅಂದು ನಾಮದೇವರೂ ಪ್ರಣಿತಾಳೂ ಇಪ್ಪತ್ತೆರಡು ಮನೆಯ ಹಿತ್ತಲನ್ನೂ ಸುತ್ತಿದರು. ನಾಮದೇವ ನಿಂತಲ್ಲೇ ನಿಂತು ಕಣ್ಣು ಕಿರಿದು ಮಾಡಿ, ಇಲ್ಲಿ ಎಂಟು ಫೂಟು ಆಳ, ಇಲ್ಲಿ ಹತ್ತು, ಇದರ ಕೆಳಗೆ ಮುರುಮು ಸಿಕ್ಕಿತ್ತು, ಅದರ ಕೆಳಗೆ ಬರಿಯ ಕಲ್ಲು ಎಂದು ಹೇಳುತ್ತ ಹೋದರು. ಪ್ರಣಿತಾ ಟೇಪು ಹಿಡಿದು ಬರೆಯುತ್ತ ಹೋದಳು. ಮರೆತಿದೆ ಎಂದಿದ್ದವರಿಗೆ ಒಂದೂ ಮರೆತಿರಲಿಲ್ಲ. ಬೋರಿನ ಕಡೆಗೆ ಇಳಿಜಾರಾಗಿದ್ದು, ತೀರ ಹತ್ತಿರವಿದ್ದುವು ಒಂಬತ್ತು. ಮೊದಲು ಅವನ್ನು ಹಿಡಿಯಬೇಕೆಂದು ಸಾಹೇಬರು ಸಂಜೆ ಬಂದು ನೋಡಿ ಒಪ್ಪಿದರು.

ನಡುವೆ ಬೇವಿನ ನೆರಳಲ್ಲಿ ಕೂತಾಗ, ಹೇಗೆ ಮನಸ್ಸು ಬಂತೆಂದು ಪ್ರಣಿತಾ ಕೇಳಿದಳು. ತನಗಲ್ಲ, ಹಿರಾಬಾಯಿಗೆ ಬಂತು ಎಂದರು ನಾಮದೇವ. ಸೊಲ್ಲಾಪುರದ ಮುದುಕ ಗೌಂಡಿ, ಮೊದಲು ತಳ ಆಮೇಲೆ ಗೋಡೆ ಎಂದು ಕಲಿಸಿದ್ದರು. ಊರಿನವರು ಬೇಡವೆಂದಾಗ ವಾದ ಮಾಡುವ ಧೈರ್ಯ ಆಗ ಊರಿಗೆ ಹೊಸಬರಾಗಿದ್ದ ಗೌಂಡಿಗೆ ಇರಲಿಲ್ಲ. ಆದರೆ ಸ್ವಂತ ಮನೆಗೆ ಕಲಿತಂತೆಯೇ ಕಟ್ಟಿದರು. ಅದರ ಕಾರಣ ಹಿರಾಬಾಯಿಗೆ ಮಾತ್ರ ಗೊತ್ತಿತ್ತು. ಮಂದಿ ನಕ್ಕಾಗಲೆಲ್ಲ ಗಂಡನ ಹೆಸರಿಗಾಗಿ ತಾನೂ ನಕ್ಕಿದ್ದ ಹೆಂಡತಿ, ಪ್ರಣಿತಾ ಮಗುವನ್ನೆತ್ತಿಕೊಂಡು ಬಂದು ಹೋದ ದಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೇಳಿದಳಂತೆ: "ಇಷ್ಟ ದಿನ ನಿಮಗಾಗಿ ನಕ್ಕೀನಿ. ಇನ್ನ ನನಗ ನಗಾಕ ಆಗಾಂಗಿಲ್ಲ ನೋಡ್ರಿ."

ಅವರು ಹೆದರಿದ್ದು ಆಗಿಯೇ ಆಯಿತು. ರಾಚಪ್ಪನವರು ಕಟ್ಟಡದ ಕೆಲಸವನ್ನು ಬೇರೆ ಊರಿನ ಗೌಂಡಿಗೆ ಕೊಟ್ಟರು. ಇಪ್ಪತ್ತು ವರ್ಷ ಮಾತಾಡಿಸುತ್ತಿದ್ದ ಕೆಲವರು ರಸ್ತೆಯ ಆಚೆ ಬದಿಗೆ ಸರಿದು ಹೋಗತೊಡಗಿದರು. ಪ್ರಣಿತಾ ಹೆಸರು ಬರೆಯದಿದ್ದರೂ ಊರಿಗೆ ಯಾರೂ ಬರೆದು ತಿಳಿಸಬೇಕಾಗಿರಲಿಲ್ಲ. ನಾಮದೇವ ಇದರ ಬಗ್ಗೆ ಆಡಿದ್ದು ಒಂದೇ ಮಾತು: ಬಿಡು ತಂಗಿ, ಮೂರನೆ ಅಂತಸ್ತು ಹತ್ತಲು ಮೊಣಕಾಲೂ ಒಪ್ಪುತ್ತಿರಲಿಲ್ಲ.

ಬೇಸಿಗೆಯೆಲ್ಲ ಓಣಿಯ ಕೆಲಸ ನಡೆಯಿತು. ನಗರಪರಿಷತ್ತಿನ ಗಾಡಿ ಬಂದು ಹಳೆಯ ಹೊಂಡಗಳಲ್ಲಿ ಇದ್ದಷ್ಟನ್ನು ಎಳೆದುಕೊಂಡಿತು. ಯಾರನ್ನೂ ಒಳಗೆ ಇಳಿಸಬಾರದೆಂಬ ನಿಯಮವನ್ನು ನಾಮದೇವ ಸಾಹೇಬರಿಗಿಂತ ಬಿಗಿಯಾಗಿ ಹಿಡಿದರು; ಮೇಲಿನಿಂದಲೇ ಮುರುಮು ತುಂಬಿ ಹೊಂಡಗಳನ್ನು ಮುಚ್ಚಿಸಿದರು. ಬೋರಿನಿಂದ ದೂರದ ಬದಿಯಲ್ಲಿ ಹೊಸ ಟಾಕಿಗಳು ಎದ್ದವು. ಜಾಗ ಸಾಲದ ಮೂರು ಮನೆಗಳಿಗೆ ಸೇರಿ ಒಂದು, ಅದಕ್ಕಾಗಿ ಆ ಮೂರು ಮನೆಯವರು ಹದಿನೈದು ದಿನ ಜಗಳಾಡಿ ಒಪ್ಪಿಕೊಂಡರು. ಸಿಮೆಂಟು, ಉಸುಕು ಮನೆಯವರದು. ನಾಮದೇವ ಅರ್ಧ ಕೂಲಿಗೆ ದುಡಿದರು. ಅರ್ಧವನ್ನೂ ತೆಗೆದುಕೊಳ್ಳಬೇಡಿರೆಂದು ಒಬ್ಬರು ಹೇಳಿದಾಗ ಸುಗಲಾಬಾಯಿ ಅವರನ್ನು ನೋಡಿದ ರೀತಿಗೆ ಆ ಮಾತು ಮತ್ತೆ ಬರಲಿಲ್ಲ.

ಪರೀಕ್ಷೆಯ ದಿನ ಟಾಕಿಗೆ ಕಂಠಮಟ್ಟ ನೀರು ಬಿಟ್ಟು, ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದು, ಮುಚ್ಚಳಕ್ಕೆ ಬೀಗ ಹಾಕುವುದು. ಮರುದಿನ ತೆರೆದು ನೋಡುವುದು. ಸುಗಲಾಬಾಯಿಯ ಟಾಕಿಯಲ್ಲಿ ನೀರು ಎರಡು ಬೆರಳು ಇಳಿದಿತ್ತು. ಬಿಸಿಲಿಗೆ ಆರಿರಬೇಕು ಬಿಡಿ ಎಂದು ಪ್ರಣಿತಾ ಅನ್ನುವುದರಲ್ಲಿದ್ದಳು. ಮುಚ್ಚಿದ ಟಾಕಿಯಲ್ಲಿ ಬಿಸಿಲೆಲ್ಲಿಂದ ಬಂತು ಎಂದು ನಾಮದೇವ ನೀರು ಖಾಲಿ ಮಾಡಿಸಿ, ಮೂಲೆಯ ಗಿಲಾವು ಕೆತ್ತಿ ಮತ್ತೆ ಮಾಡಿದರು. ಎರಡನೆಯ ಸಲ ನೀರು ಗೆರೆಯ ಮೇಲೆ ನಿಂತಲ್ಲೇ ನಿಂತಿತ್ತು. ಅದನ್ನು ಬಗ್ಗಿ ನೋಡಿದಾಗ ಪ್ರಣಿತಾಳಿಗೆ ದೇವರ ಮುಂದೆ ಬಗ್ಗಿದಂತೆಯೇ ಅನಿಸಿತು. ಅದನ್ನು ಯಾರ ಮುಂದೂ ಹೇಳಲಿಲ್ಲ, ಕೇಳಿದವರು ನಕ್ಕಾರು.

ಮೊದಲ ಮಳೆಯ ಮೇಲೆ ಒಯ್ದ ನೀರಿನ ವರದಿ ಮೊದಲಿಗಿಂತ ಕೆಟ್ಟು ಬಂತು. ನೆಲದಲ್ಲಿ ಇಷ್ಟು ವರ್ಷ ಕೂತದ್ದು ಕರಗಿ ಇಳಿಯುತ್ತದೆ, ಕಾಯಬೇಕು ಎಂದು ಪ್ರಯೋಗಶಾಲೆಯ ಹೆಣ್ಣುಮಗಳು ಸಮಾಧಾನ ಹೇಳಿದಳು. ಓಣಿಯಲ್ಲಿ ಮತ್ತೆ ಗುಸುಗುಸು ಶುರುವಾಯಿತು. ಕೆಲಸ ಟೊಳ್ಳಾಯಿತು, ಗೌಂಡಿ ಎರಡನೆಯ ಸಲವೂ ಟೋಪಿ ಹಾಕಿದ ಎಂದವರೂ ಇದ್ದರು. ಟಾಕಿಗಳು ಸರಿಯಾಗಿದ್ದುದರಿಂದ ಸಾಹೇಬರು ಬೋರಿನ ಗಡುವನ್ನು ಮುಂದಕ್ಕೆ ಹಾಕಿದರು. ನಾಮದೇವ ದಿನಾ ಬಂದು ಬೋರಿನ ಸುತ್ತ ಮಳೆನೀರು ನಿಲ್ಲದಂತೆ ಕಟ್ಟೆ ಕಟ್ಟಿದರು. ಮಳೆಗಾಲದ ಎರಡನೆಯ ವರದಿಯಲ್ಲಿ ರೋಗಾಣು ಕಡಿಮೆಯಾಗಿತ್ತು. ಮೂರನೆಯ ವರದಿ ದೀಪಾವಳಿಗೆ ಮೊದಲು ಬಂತು. ನೀರು ಶುದ್ಧವಾಗಿತ್ತು. ಇನ್ನೊಮ್ಮೆ ನೋಡೋಣ ಎಂದು ಸಾಹೇಬರು ನಾಲ್ಕನೆಯದನ್ನೂ ತರಿಸಿದರು. ಅದೂ ಶುದ್ಧ.

ಬೋರಿನ ಕೆಂಪು ಬಣ್ಣ ಕೆರೆದ ದಿನ ಸುಗಲಾಬಾಯಿ ಸೊಸೆಗೆ ಹಿತ್ತಾಳೆಯ ತಂಬಿಗೆ ಬೆಳಗಿ ತರಲು ಹೇಳಿದರು. ಮೊದಲ ತಂಬಿಗೆ ಯಾರಿಗೆಂದು ಓಣಿಯಲ್ಲಿ ಯಾರೂ ಕೇಳಲಿಲ್ಲ. ಪ್ರಣಿತಾ ತುಂಬಿ ತಂದು ನಾಮದೇವರ ಕೈಗೆ ಕೊಟ್ಟಳು. ಮೆಟ್ಟಿಲ ಮೇಲೆ ಕೂತು, ತಲೆಯೆತ್ತಿ, ಒಂದೇ ಉಸಿರಿಗೆ ಕುಡಿದರು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು.

"ಸವಳೈತಿ," ಎಂದರು. "ನಮ್ಮ ಹೋಟಗಿ ನೀರಿನ ಮುಂದ ಇದೇನೂ ಅಲ್ರಿ ಬಾಯಾರ."

"ಕುಡಿಯೂದು ಕುಡದು ಹೆಸರ ಇಡಬ್ಯಾಡ," ಎಂದು ಸುಗಲಾಬಾಯಿ ತಂಬಿಗೆ ಕಸಿದುಕೊಂಡು, ಮತ್ತೆ ತುಂಬಿಸಿ ತಾವೂ ಕುಡಿದರು.

ಪ್ರಣಿತಾಳಿಗೆ ನಾಮದೇವರ ಹತ್ತಿರ ಏನೇನೋ ಹೇಳಬೇಕಿತ್ತು. ಮಗುವಿನ ಕಾಲು ಮತ್ತೆ ದುಂಡಗಾಗಿದೆ, ಮುಂಜಾನೆ ಬಸ್‌ಸ್ಟ್ಯಾಂಡಿಗೆ ಕೊಡ ಹೊರುವುದು ತಪ್ಪಿತು, ನಿಮ್ಮ ಉಪಕಾರ ಎಂದು. ಅದರ ಬದಲು ಹಿರಾಬಾಯಿಗೆ ಕೊಡಿರೆಂದು ತವರಿನಿಂದ ತರಿಸಿಟ್ಟಿದ್ದ ಎರಡು ಟಾವೆಲ್ಲುಗಳನ್ನು ಕೈಗಿಟ್ಟಳು, ಅಷ್ಟೇ. ಅವರು ಅವನ್ನು ಹೆಗಲಿಗೆ ಹಾಕಿಕೊಂಡು, ಪಕ್ಕದ ವಾರ್ಡಿನವರು ತಮ್ಮ ಟಾಕಿಗಳನ್ನೂ ನೋಡಲು ಕರೆದಿದ್ದಾರೆ, ನಾಳೆ ಎಂಟಕ್ಕೆ ಟೇಪು ಹಿಡಿದು ಬಾ, ತಡಮಾಡಬೇಡ ಎಂದು ಹೇಳಿ ಎದ್ದು ಹೋದರು.

ಅವಳು ಒಳಗೆ ಬಂದು ಬೋರಿನ ನೀರನ್ನು ಸೋಸಿ ಒಲೆಯ ಮೇಲಿಟ್ಟಳು. ವರದಿಗಳು ಏನೇ ಹೇಳಲಿ, ಸೋನುವಿಗೆ ಕುದಿಸಿಯೇ ಕೊಡುವುದು ಎಂದು ಅವಳು ಆಗಲೇ ತೀರ್ಮಾನಿಸಿದ್ದಳು.